ಹಾಡುವವಳು, ಹೊಲಿಯುವವಳು ಓದುವ ಪತ್ರಿಕೆ

ತರುಣಿಯರಿಗಾಗಿ ವಿದ್ಯಾರ್ಥಿಗಳೇ ರೂಪಿಸುವ ಸಂಗೀತ ಮತ್ತು ಉಡುಗೆತೊಡುಗೆಯ ಪತ್ರಿಕೆ ಎಂದರೆ ಒಂದು ಮುಖಪುಟ, ಒಂದು ಪರಿವಿಡಿ, ನಡುವೆ ಒಂದೆರಡು ಜೋಡಿಪುಟ ಎಂದು ಎಣಿಸುವುದು ವಾಡಿಕೆ. ಪತ್ರಿಕೋದ್ಯಮ, ವಿನ್ಯಾಸ ಕಲಿಸುವ ತರಗತಿಗಳಲ್ಲಿ ಅಭ್ಯಾಸಕ್ಕೆ ಕೊಡುವುದೂ ಬಹುಮಟ್ಟಿಗೆ ಇವನ್ನೇ. ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ, ಚಿತ್ರ ಎಲ್ಲಿ ಎಂಬ ಚರ್ಚೆ ಕೂಡಲೇ ಶುರುವಾಗುತ್ತದೆ. ಆದರೆ ಅದಕ್ಕೂ ಮೊದಲೇ, ಯಾರೂ ಬಾಯಿಬಿಟ್ಟು ಹೇಳದೆ, ಒಂದು ತೀರ್ಮಾನ ಆಗಿಹೋಗಿರುತ್ತದೆ: ಪತ್ರಿಕೆ ತನ್ನ ಓದುಗಿಯನ್ನು ಯಾರೆಂದು ಎಣಿಸಿದೆ ಎಂಬುದು. ಕೊಳ್ಳುವವಳೆಂದು ಎಣಿಸಿದರೆ ಪುಟಗಳು ಒಂದು ಬಗೆಯಲ್ಲಿ ರೂಪುಗೊಳ್ಳುತ್ತವೆ; ಹಾಡಬಲ್ಲ, ಹೊಲಿಯಬಲ್ಲ, ಬರೆಯಬಲ್ಲವಳೆಂದು ಎಣಿಸಿದರೆ ಬೇರೆಯೇ ಬಗೆಯಲ್ಲಿ. ಇಂಥ ಪತ್ರಿಕೆಗೆ ಎರಡನೆಯ ಎಣಿಕೆಯೇ ಸರಿ. ಅದರಲ್ಲೂ ಬೆಳಗಾವಿಯ ಸೀಮೆಯಲ್ಲಿ ಆ ಎಣಿಕೆಗೆ ಬೇಕಾದ ಸಾಮಗ್ರಿ ಧಾರಾಳವಾಗಿದೆ.

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಮಚ್ಛೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯ ಆವರಣ ‘ಜ್ಞಾನ ಸಂಗಮ’ ಇರುವುದು ಇಲ್ಲೇ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ಎರಕದ ಕಾರ್ಖಾನೆಗಳು, ಯಂತ್ರಭಾಗ ತಯಾರಿಸುವ ಶೆಡ್‌ಗಳು. ಊರಿನಲ್ಲಿ ಮರಾಠಿ, ಕನ್ನಡ ಎರಡೂ ಮನೆಮಾತು. ಬೆಳಗಾವಿ ಪೇಟೆಗೆ ಬಂದರೆ ಉರ್ದುವೂ ಸೇರಿಕೊಳ್ಳುತ್ತದೆ, ಖಾನಾಪುರದ ಕಾಡಂಚಿಗೆ ಹೋದರೆ ಕೊಂಕಣಿಯೂ ಕೇಳುತ್ತದೆ. ಇಲ್ಲಿಂದ ಬಸ್ಸು ಹತ್ತಿ ಬೆಳಗಾವಿಯ ಕಾಲೇಜುಗಳಿಗೆ ಹೋಗುವ ಹುಡುಗಿ, ದೂರದ ಜಿಲ್ಲೆಯಿಂದ ಬಂದು ವಿಶ್ವವಿದ್ಯಾಲಯದ ವಸತಿನಿಲಯದಲ್ಲಿ ಉಳಿದವಳು, ಪಿಯುಸಿ ಮುಗಿಸಿ ಮನೆಯಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತವಳು — ಈ ಮೂವರೂ ಒಂದೇ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವಂತಿರಬೇಕು. ಮೂವರ ಕೈಯಲ್ಲೂ ಮೊಬೈಲ್ ಇದೆ. ಹಾಗಾಗಿ ಸಿನಿಮಾ ತಾರೆಯ ಹೊಸ ಚಿತ್ರ, ಹೊಸ ಹಾಡಿನ ಸುದ್ದಿ, ಮಾಲ್‌ನ ರಿಯಾಯಿತಿ ಇವನ್ನೆಲ್ಲ ಅಚ್ಚಿನ ಪತ್ರಿಕೆಯಿಂದ ಅವರು ಬಯಸುವುದಿಲ್ಲ. ಮೊಬೈಲ್ ಕೊಡದ್ದನ್ನು ಕೊಟ್ಟರೆ ಮಾತ್ರ ಇಂಥ ಪತ್ರಿಕೆಗೆ ಅರ್ಥ.

ಮಾದರಿ ಹುಡುಕುವ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವುದು ಇಂಗ್ಲಿಷ್ ಪತ್ರಿಕೆಗಳು. ಅವುಗಳ ಹುಟ್ಟನ್ನು ತಿಳಿದು ನೋಡುವುದು ಒಳ್ಳೆಯದು. ಅಮೆರಿಕದಲ್ಲಿ 1944ರಲ್ಲಿ ಶುರುವಾದ ‘ಸೆವೆಂಟೀನ್’ ಹದಿಹರೆಯದ ಹುಡುಗಿಯರಿಗೆಂದೇ ಮೀಸಲಾದ ಮೊದಲ ದೊಡ್ಡ ಪತ್ರಿಕೆಗಳಲ್ಲೊಂದು. ಅದರ ಮೊದಲ ಸಂಪಾದಕಿ ಹೆಲೆನ್ ವ್ಯಾಲೆಂಟೈನ್ ಹುಡುಗಿಯರನ್ನು ಬುದ್ಧಿಯುಳ್ಳವರೆಂದು ಗೌರವಿಸಿದ್ದು ನಿಜ. ಆದರೆ ಜಾಹೀರಾತುದಾರರನ್ನು ಒಲಿಸಲು ಅದೇ ಪತ್ರಿಕೆ ಸಮೀಕ್ಷೆ ಮಾಡಿಸಿ ‘ಟೀನಾ’ ಎಂಬ ಕಲ್ಪಿತ ಓದುಗಿಯನ್ನು ಸೃಷ್ಟಿಸಿತು. ಅವಳ ಕೈಖರ್ಚಿನ ಹಣ ಎಷ್ಟು, ಅವಳಿಗೆ ಏನು ಇಷ್ಟ, ಏನನ್ನು ಕೊಳ್ಳುತ್ತಾಳೆ ಎಂಬುದೇ ಅವಳ ಪರಿಚಯ. ಇಂದಿಗೂ ವಿನ್ಯಾಸದ ತರಗತಿಗಳಲ್ಲಿ ‘ಓದುಗರ ಚಿತ್ರ’ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಬ್ರ್ಯಾಂಡ್‌ಗಳ ಪಟ್ಟಿ ಬರೆಯುತ್ತಾರೆ. ಯಾವ ಶೂ, ಯಾವ ಫೋನ್, ಯಾವ ಲಿಪ್‌ಸ್ಟಿಕ್. ಎಂಬತ್ತು ವರ್ಷ ಕಳೆದರೂ ಟೀನಾಳ ನೆರಳು ಹೋಗಿಲ್ಲ.

ಬ್ರಿಟನ್ನಿನ ‘ಜ್ಯಾಕಿ’ 1964ರಿಂದ 1993ರವರೆಗೆ ನಡೆದ ವಾರಪತ್ರಿಕೆ. ಒಂದು ಕಾಲಕ್ಕೆ ಅಲ್ಲಿನ ಶಾಲಾ ಹುಡುಗಿಯರು ಓದದೆ ಬಿಡುತ್ತಿರಲಿಲ್ಲ. ಏಂಜೆಲಾ ಮೆಕ್‌ರಾಬಿ ಎಂಬ ಸಮಾಜವಿಜ್ಞಾನಿ 1978ರಲ್ಲಿ ಈ ಪತ್ರಿಕೆಯನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದರು. ಪ್ರಣಯ, ಮನೆ–ಗೆಳತಿಯರ ವೈಯಕ್ತಿಕ ಬದುಕು, ಉಡುಗೆ ಮತ್ತು ಸೌಂದರ್ಯ, ಪಾಪ್ ಸಂಗೀತ — ಈ ನಾಲ್ಕು ಎಳೆಗಳಲ್ಲಿ ಇಡೀ ಪತ್ರಿಕೆ ಹೆಣೆದಿತ್ತೆಂದು ತೋರಿಸಿದರು. ಅವರ ಅಧ್ಯಯನದಲ್ಲಿ ಸಂಗೀತ–ಉಡುಗೆಯ ಪತ್ರಿಕೆ ಮಾಡಹೊರಟವರು ಮರೆಯಬಾರದ ಮಾತು ನಾಲ್ಕನೆಯ ಎಳೆಯದು. ಸಂಗೀತಕ್ಕೆಂದು ಮೀಸಲಿಟ್ಟ ಪುಟಗಳಲ್ಲಿ ಸಂಗೀತವೇ ಇರಲಿಲ್ಲ. ಇದ್ದದ್ದು ಹಾಡುಗಾರ ಹುಡುಗರ ಮುಖಗಳು. ಓದುಗಿ ಆ ಮುಖವನ್ನು ಕತ್ತರಿಸಿ ಗೋಡೆಗೆ ಅಂಟಿಸಬಹುದಿತ್ತು. ಗಿಟಾರ್ ಹಿಡಿಯಲು, ಹಾಡು ಕಟ್ಟಲು ಅವಳನ್ನು ಯಾರೂ ಕರೆಯಲಿಲ್ಲ. ಉಡುಗೆಯ ಪುಟಗಳೂ ಹೀಗೆಯೇ, ಯಾರೋ ಮಾಡಿಟ್ಟದ್ದನ್ನು ಇವಳು ತೊಡಬೇಕು. ಸಂಗೀತ ಮತ್ತು ಉಡುಗೆ ಎರಡೂ ಕೈಯ, ಕಂಠದ, ಕಿವಿಯ ಕೆಲಸ. ಪತ್ರಿಕೆಗೆ ಬಂದಾಗ ಎರಡೂ ಬರಿಯ ನೋಟವಾದವು.

ಹಣದ ಮೂಲ ಈ ತೊಡಕಿನ ಬೇರು. ಜಾಹೀರಾತಿನಿಂದ ಬದುಕುವ ಮಹಿಳಾ ಪತ್ರಿಕೆಯಲ್ಲಿ ಸೌಂದರ್ಯದ ಲೇಖನದ ಪಕ್ಕದಲ್ಲೇ ಸೌಂದರ್ಯವರ್ಧಕದ ಜಾಹೀರಾತು ಬರಬೇಕೆಂಬ ಒತ್ತಾಯ ಇರುತ್ತದೆ. ಅಮೆರಿಕದಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತು ಸಂಗಾತಿಗಳು ಕಟ್ಟಿದ ‘ಮಿಸ್’ (Ms.) ಪತ್ರಿಕೆ ಈ ಒತ್ತಡದೊಡನೆ ವರ್ಷಗಟ್ಟಲೆ ಗುದ್ದಾಡಿ, ಕೊನೆಗೆ 1990ರಲ್ಲಿ ಜಾಹೀರಾತನ್ನೇ ಕೈಬಿಟ್ಟಿತು. ಭಾರತದಲ್ಲಿ ಇದೇ ಕಥೆಯ ಮುಖ ಚರ್ಮದ ಬಣ್ಣ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮು ಬಿಳಿತನವನ್ನು ಸೌಂದರ್ಯಕ್ಕೂ, ಕೆಲಸ ಸಿಗುವುದಕ್ಕೂ, ಮದುವೆಗೂ ಗಂಟುಹಾಕಿತು. ಹೆಸರಿನಿಂದ ‘ಫೇರ್’ ಹೋದದ್ದು 2020ರಲ್ಲಿ. ಆ ನಲವತ್ತೈದು ವರ್ಷ ಎಷ್ಟೋ ಪತ್ರಿಕೆಗಳ ಪುಟಗಳನ್ನು ಇಂಥ ಜಾಹೀರಾತುಗಳೇ ತುಂಬಿದವು. ಬಿಸಿಲಿನಲ್ಲಿ ಬೆಳೆದ ಉತ್ತರ ಕರ್ನಾಟಕದ ಹುಡುಗಿಗೆ ತನ್ನ ಮೈಬಣ್ಣದ ಮುಖ ಮುಖಪುಟದಲ್ಲಿ ಕಾಣಿಸಿದ್ದು ಅಪರೂಪ. ವಿದ್ಯಾರ್ಥಿ ಪತ್ರಿಕೆಗೆ ಇಲ್ಲಿ ಒಂದು ಅನುಕೂಲವಿದೆ: ಅದು ಲಾಭಕ್ಕಾಗಿ ಹುಟ್ಟಿದ್ದಲ್ಲ, ಆದ್ದರಿಂದ ಯಾವ ಜಾಹೀರಾತು ಬೇಡ ಎನ್ನುವ ಅಧಿಕಾರ ಅದರ ಕೈಯಲ್ಲೇ ಇದೆ. ಆ ಅಧಿಕಾರವನ್ನು ಬಳಸದೆ ಬಿಡುವುದು ದೊಡ್ಡ ನಷ್ಟ.

ಕನ್ನಡದ ಹೆಣ್ಣುಮಕ್ಕಳ ಪತ್ರಿಕೆಗಳು ಹುಟ್ಟಿದ್ದು ಬೇರೆ ದಾರಿಯಲ್ಲಿ. ಬಾಲವಿಧವೆಯಾಗಿ ಮನೆಯಲ್ಲೇ ಓದಿಕೊಂಡ ನಂಜನಗೂಡು ತಿರುಮಲಾಂಬ 20ನೆಯ ಶತಮಾನದ ಎರಡನೆಯ ದಶಕದಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ‘ಕರ್ನಾಟಕ ನಂದಿನಿ’ ನಡೆಸಿದರು. ಬರೆದವರೂ ಅವರೇ, ಪ್ರಕಟಿಸಿದವರೂ ಅವರೇ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ಎಡೆಬಿಡದೆ ಹೊರತಂದರು. ಇವರಿಬ್ಬರ ವಿಚಾರಗಳೆಲ್ಲ ಇಂದಿನ ಹುಡುಗಿಗೆ ಒಪ್ಪಿಗೆಯಾಗಬೇಕಿಲ್ಲ. ಪಾತಿವ್ರತ್ಯದ ಉಪದೇಶ ಆ ಪುಟಗಳಲ್ಲಿ ಸಾಕಷ್ಟಿದೆ. ಆದರೂ ಒಂದು ವಿಷಯದಲ್ಲಿ ಅವರು ‘ಜ್ಯಾಕಿ’ಗಿಂತ ಮುಂದಿದ್ದರು. ಓದುಗಿಯಿಂದ ಅವರು ಬರಹ ಕೇಳಿದರು. ವಿದ್ಯಾರ್ಥಿ ಪತ್ರಿಕೆಗೆ ಬೇಕಾದ ವಂಶ ಇದು.

ಇನ್ನು ಸಂಗೀತ. ಬೆಳಗಾವಿ ಸೀಮೆಯಲ್ಲಿ ಸಂಗೀತದ ಪುಟ ತುಂಬಿಸಲು ಮುಂಬೈಯ ಸುದ್ದಿಗೆ ಕಾಯಬೇಕಾಗಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯ ಈಗಿನ ಟಿಳಕವಾಡಿಯಲ್ಲಿ. ಮಚ್ಛೆಯಿಂದ ನಗರಕ್ಕೆ ಹೋಗುವ ಬಸ್ಸು ಹಾದುಹೋಗುವ ಬಡಾವಣೆ ಅದು. ಅಲ್ಲಿ ಹುಯಿಲಗೋಳ ನಾರಾಯಣರಾಯರ ಕನ್ನಡ ನಾಡಿನ ಹಾಡು ಮೊಳಗಿತು. ಆ ಅಧಿವೇಶನದಲ್ಲಿ ಹಾಡಿದ ಬಾಲಕಿಯರಲ್ಲಿ ಧಾರವಾಡದಿಂದ ಬಂದ ಹನ್ನೊಂದರ ಆಸುಪಾಸಿನ ಗಂಗೂಬಾಯಿಯೂ ಇದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಲೋಕವೇ ತಿಳಿದ ಗಾಯಕಿ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು ಕಿರಾಣಾ ಘರಾಣೆಯ ದೊಡ್ಡ ಹೆಸರಾದರು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ದನಿ ದಪ್ಪವಾಯಿತು. ಹೆಣ್ಣಿನ ದನಿ ಸಣ್ಣಗೆ, ಎತ್ತರಕ್ಕೆ ಇರಬೇಕೆಂಬ ನಿರೀಕ್ಷೆಗೆ ಹೊಂದದ ದನಿ. ಅವರು ಅದನ್ನು ತಿದ್ದಲು ಹೋಗಲಿಲ್ಲ. ಆ ದನಿಯಲ್ಲೇ ಹಾಡಿದರು, ಕೇಳುವವರ ಕಿವಿ ಬದಲಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು. ತನ್ನ ಎತ್ತರ, ಬಣ್ಣ, ದನಿ ಯಾವುದೋ ಅಳತೆಗೆ ಸರಿಹೊಂದುತ್ತಿಲ್ಲವೆಂದು ಕೊರಗುವ ಹದಿನೆಂಟರ ಹುಡುಗಿಗೆ ಇದಕ್ಕಿಂತ ಹತ್ತಿರದ ಮುಖಪುಟ ಲೇಖನ ಬೇರೆ ಇಲ್ಲ.

ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಮುಂದೆ ಗಾಯಕ ಕುಮಾರ ಗಂಧರ್ವರಾದದ್ದು ಬಹಳ ಮಂದಿಗೆ ಗೊತ್ತು. ಆದರೆ ಗೋಕಾಕ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ವಿಷಯ ಇಂದಿನ ಕಾಲೇಜು ಹುಡುಗಿಯರಿಗೆ ಅಷ್ಟಾಗಿ ಗೊತ್ತಿಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ಹಾಡು, ಮಾತು, ಹೆಜ್ಜೆ ಮೂರನ್ನೂ ನಿಭಾಯಿಸುತ್ತಿದ್ದ ಹೆಣ್ಣು ಆಕೆ. ಸವದತ್ತಿ ಯಲ್ಲಮ್ಮನ ಗುಡ್ಡದ ಚೌಡಿಕೆ ಪದಗಳು, ಬೀಸುವ ಕಲ್ಲಿನ ಹಾಡುಗಳು, ಸೋಬಾನೆ — ಇವನ್ನು ಹಾಡುವ ಅಜ್ಜಿಯರು ಓದುಗಿಯರ ಮನೆಗಳಲ್ಲೇ ಇದ್ದಾರೆ. ಪ್ರತಿ ಸಂಚಿಕೆಗೂ ಒಬ್ಬ ಓದುಗಿ ತನ್ನ ಅಜ್ಜಿಯ ಒಂದು ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅದನ್ನು ಯಾವಾಗ, ಯಾವ ಕೆಲಸದ ಹೊತ್ತಿಗೆ, ಯಾರಿಂದ ಕಲಿತು ಹಾಡುತ್ತಿದ್ದರೆಂದು ಬರೆದರೆ ಸಂಗೀತದ ಅತ್ಯಂತ ಬೆಲೆಯುಳ್ಳ ಪುಟ ಸಿದ್ಧ. ಕಾಗದ ಹಾಡುವುದಿಲ್ಲ, ಆದರೆ ಪುಟದ ಮೂಲೆಯಲ್ಲಿ ಎರಡು ಸೆಂಟಿಮೀಟರಿನ ಒಂದು ಕ್ಯೂಆರ್ ಚೌಕ ಹಾಕಿದರೆ ಆ ಧ್ವನಿ ಓದುಗಿಯ ಕಿವಿಗೆ ತಲುಪುತ್ತದೆ.

ಈಗಿನ ಹಾಡನ್ನು ಬದಿಗಿಡುವುದು ತಪ್ಪಾಗುತ್ತದೆ. ಜಾತ್ರೆ, ಮೆರವಣಿಗೆ, ಟ್ರ್ಯಾಕ್ಟರುಗಳಿಂದ ಹಿಡಿದು ಕಾಲೇಜು ವಾರ್ಷಿಕೋತ್ಸವದವರೆಗೆ ಈ ಭಾಗದಲ್ಲಿ ಮೊಳಗುವುದು ಯೂಟ್ಯೂಬಿನ ಉತ್ತರ ಕರ್ನಾಟಕ ಜಾನಪದ ಡಿಜೆ ಹಾಡುಗಳು. ಅವುಗಳ ತಾಳ ಹಿಡಿಸುತ್ತದೆ, ಭಾಷೆ ಮನೆಯ ಭಾಷೆ. ಎಷ್ಟೋ ಹಾಡುಗಳಲ್ಲಿ ಹುಡುಗಿ ಬರಿಯ ಕೈಕೊಟ್ಟು ಹೋದವಳು. ಒಳ್ಳೆಯ ವಿಮರ್ಶೆ ಈ ಎರಡನ್ನೂ ಹೇಳಬೇಕು, ಒಂದನ್ನು ಹೇಳಿ ಇನ್ನೊಂದನ್ನು ನುಂಗಬಾರದು. ತಾಳ ಯಾವುದು, ಹಾರ್ಮೋನಿಯಂ ಬದಲು ಕೀಬೋರ್ಡ್ ಬಂದು ಏನಾಯಿತು, ಮುಖ್ಯವಾಗಿ ಜೊತೆಗೆ ಹಾಡಿದ ಹೆಣ್ಣುದನಿ ಯಾರದು, ಅವಳ ಹೆಸರು ಹಾಕಿದ್ದಾರೆಯೇ ಎಂದು ಕೇಳಬೇಕು. ಹಾಡಿಗೆ ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೊಟ್ಟು ಮುಗಿಸುವ ವಿಮರ್ಶೆ ಇಲ್ಲಿ ಯಾರಿಗೂ ಉಪಯೋಗವಿಲ್ಲ.

ಸಂಗೀತದ ಕಸುಬಿನ ಪುಟವೂ ಬೇಕು. ಬೆಳಗಾವಿಯಿಂದ ರೈಲು ಹತ್ತಿದರೆ ಅರ್ಧ ದಿನದೊಳಗೆ ತಲುಪುವ ಮಿರಜ ತಂಬೂರಿ, ಸಿತಾರ್ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹೆಣ್ಣುದನಿಯ ಎತ್ತರದ ಶ್ರುತಿಗೆ ಹೊಂದುವ ತಂಬೂರಿ ಗಾತ್ರದಲ್ಲಿ ಚಿಕ್ಕದು, ಗಂಡುದನಿಯದು ದೊಡ್ಡದು. ಸೋರೆಬುರುಡೆಯನ್ನು ಹೇಗೆ ಒಣಗಿಸುತ್ತಾರೆ, ತಂತಿಗೆ ಝೇಂಕಾರ ಕೊಡುವ ಜವಾರಿ ಹೇಗೆ ಕೂರಿಸುತ್ತಾರೆ, ಕಲಿಯುವವಳಿಗೆ ಮೊಬೈಲಿನ ತಂಬೂರಿ ಎಲ್ಲಿಯವರೆಗೆ ಸಾಕು ಎಂದು ತಿಳಿಸುವ ಎರಡು ಪುಟ, ಒಬ್ಬ ತಾರೆಯ ಹತ್ತು ಚಿತ್ರಗಳಿಗಿಂತ ಹೆಚ್ಚು ಕಾಲ ಓದುಗಿಯ ಕಪಾಟಿನಲ್ಲಿ ಉಳಿಯುತ್ತದೆ.

ಉಡುಗೆಯ ವಿಚಾರಕ್ಕೆ ಬಂದರೆ ಈ ಸೀಮೆಯ ಸಂಪತ್ತು ಇನ್ನೂ ದೊಡ್ಡದು, ಅದನ್ನು ಕಡೆಗಣಿಸುವುದೂ ಅಷ್ಟೇ ಹೆಚ್ಚು. ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗಗಳಲ್ಲಿ ನೇಕಾರರ ಮನೆಗಳಿವೆ. ಶಹಾಪುರದ ಸೀರೆಗೆ ಒಂದು ಕಾಲಕ್ಕೆ ದೂರದೂರದ ಪೇಟೆ ಇತ್ತು. ಈಗ ಅಲ್ಲಿ ಹೆಚ್ಚಾಗಿ ಕೇಳುವುದು ವಿದ್ಯುತ್ ಮಗ್ಗದ ಸದ್ದು. ಕಾಲೇಜಿಗೆ ಹೋಗುವ ಎಷ್ಟೋ ಹುಡುಗಿಯರು ಇಂಥ ಮನೆಗಳಿಂದಲೇ ಬಂದವರು. ಕಂಡಿಕೆ ಸುತ್ತಿದವರು, ಹಾಸು ಕಟ್ಟುವುದನ್ನು ಕಂಡು ಬೆಳೆದವರು. ಫ್ಯಾಷನ್ ಪುಟದಲ್ಲಿ ಅವರಿಗೆ ಪ್ಯಾರಿಸ್ಸಿನ ವೇದಿಕೆ ತೋರಿಸಿ, ಅವರ ಮನೆಯ ಮಗ್ಗದ ಬಗ್ಗೆ ಒಂದು ಸಾಲೂ ಬರೆಯದಿದ್ದರೆ, ಅವರಿಗೆ ಬಟ್ಟೆಯ ಬಗ್ಗೆ ಏನೂ ಗೊತ್ತಿಲ್ಲವೆಂದು ಹೇಳಿದಂತೆಯೇ. ಒಂದು ಸೀರೆಯ ಬೆಲೆ ಅಂಗಡಿಯಲ್ಲಿ ಎಷ್ಟು, ಅದರಲ್ಲಿ ನೂಲಿನ ಪಾಲು ಎಷ್ಟು, ಬಣ್ಣದ್ದೆಷ್ಟು, ನೇಯ್ದವರ ಕೂಲಿ ಎಷ್ಟು, ವ್ಯಾಪಾರಿಯದೆಷ್ಟು — ನೇಕಾರರ ಮನೆಯವಳೇ ಕೇಳಿ ತಿಳಿದು ಬರೆದ ಇಂಥ ಲೆಕ್ಕದ ಪುಟ ಯಾವ ದೊಡ್ಡ ಪತ್ರಿಕೆಯಲ್ಲೂ ಸಿಗುವುದಿಲ್ಲ.

ಇಳಕಲ್ ಸೀರೆಯ ವಿಶೇಷ ಅದರ ಸೆರಗು. ಮೈಯ ಹಾಸುನೂಲಿಗೆ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ತೋಪು ತೆನೆಯ ಬಿಳಿ ವಿನ್ಯಾಸ ಅದರ ಗುರುತು. ಗುಳೇದಗುಡ್ಡದ ಖಣ ಕುಪ್ಪಸದ ಬಟ್ಟೆಯಾಗಿ ಹುಟ್ಟಿದ್ದು, ಈಚೆಗೆ ಕುರ್ತಾ, ಜಾಕೆಟ್, ಚೀಲಗಳಿಗೂ ಏರಿದೆ. ಕಾಲೇಜು ಹಬ್ಬಗಳಲ್ಲಿ ಅದನ್ನು ಕಾಣದಿರುವುದೇ ಅಪರೂಪ. ತೇರು, ಆನೆಹೆಜ್ಜೆಯಂಥ ಅದರ ಬುಟ್ಟಾಗಳಿಗೆ ಹೆಸರುಗಳಿವೆ ಎಂಬುದು ಮಾತ್ರ ತೊಟ್ಟವರಲ್ಲಿ ಹೆಚ್ಚಿನವರಿಗೆ ತಿಳಿಯದು. ಮಗ್ಗದ ಖಣಕ್ಕೂ ಅದರ ಚಿತ್ರವನ್ನು ಪಾಲಿಯೆಸ್ಟರ್ ಮೇಲೆ ಅಚ್ಚೊತ್ತಿದ ಬಟ್ಟೆಗೂ ವ್ಯತ್ಯಾಸ ಗುರುತಿಸುವುದು ಹೇಗೆ? ಬಟ್ಟೆಯನ್ನು ತಿರುವಿ ಹಿಂಬದಿ ನೋಡಿದರೆ ತಿಳಿಯುತ್ತದೆ: ನೇಯ್ದ ಬುಟ್ಟಾದ ಎಳೆಗಳು ಹಿಂದೆ ಕಾಣುತ್ತವೆ, ಅಚ್ಚಿನದು ಹಿಂದೆ ಮಸುಕು. ಬೆಳಗಾವಿಯ ಖಡೇಬಜಾರಿನಲ್ಲಿ ಬಟ್ಟೆ ಕೊಳ್ಳಲು ಹೊರಟ ಹುಡುಗಿಗೆ ಈ ಮೂರು ಸಾಲು ಒಂದು ಇಡೀ ಶಾಪಿಂಗ್ ಪುಟಕ್ಕಿಂತ ಮಿಗಿಲು.

ಕಸೂತಿಯ ವಿಷಯದಲ್ಲಿ ಪತ್ರಿಕೆಯ ಪುಟಕ್ಕೂ ಕೈಕೆಲಸಕ್ಕೂ ನೇರ ಸಂಬಂಧವಿದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ; ಹಾಸು ಹೊಕ್ಕಿನ ಎಳೆ ಎಣಿಸಿಕೊಂಡು ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಗವಂತಿ, ಮುರ್ಗಿಗಳಲ್ಲಿ ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ಗೋಪುರ, ತೇರು, ತುಳಸಿ ಕಟ್ಟೆ, ಪಲ್ಲಕ್ಕಿ, ಆನೆ ಇದರ ಚಿತ್ರಗಳು. ಕರಿಯ ಚಂದ್ರಕಾಳಿ ಸೀರೆಯ ಮೇಲೆ ಇವು ಎದ್ದು ಕಾಣುತ್ತವೆ. ಎಣಿಕೆಯ ಹೊಲಿಗೆಯಾದ್ದರಿಂದ ಇದನ್ನು ಚೌಕುಳಿ ಕಾಗದದ ನಕ್ಷೆಯಾಗಿ ಅಚ್ಚುಹಾಕಲು ಬರುತ್ತದೆ. ಪ್ರತಿ ಸಂಚಿಕೆಯ ನಡುಪುಟದಲ್ಲಿ ಒಂದು ಕಸೂತಿ ನಕ್ಷೆ ಕೊಟ್ಟರೆ, ಓದುಗಿ ಪಿನ್ನು ಬಿಚ್ಚಿ ಆ ಹಾಳೆಯನ್ನು ತೆಗೆದು ಎದುರಿಗಿಟ್ಟುಕೊಂಡು ತನ್ನ ಕುರ್ತಾದ ಅಂಚಿಗೋ ಡೆನಿಮ್ ಜಾಕೆಟಿನ ಬೆನ್ನಿಗೋ ಹೊಲಿದುಕೊಳ್ಳಬಹುದು. ‘ಜ್ಯಾಕಿ’ಯ ನಡುಪುಟದಲ್ಲಿ ಗೋಡೆಗೆ ಅಂಟಿಸುವ ಗಾಯಕನ ಚಿತ್ರ ಬರುತ್ತಿದ್ದ ಜಾಗದಲ್ಲಿ ಇದು ಬರಬೇಕು.

ಅಚ್ಚಿನ ಭಾಷೆ ಕನ್ನಡವೇ ಆಗಿರಲಿ. ಆದರೆ ಮಚ್ಛೆಯ ಓದುಗಿ ಎರಡು ಮೂರು ಭಾಷೆಗಳಲ್ಲಿ ಬದುಕುವವಳು. ಮರಾಠಿ ಮನೆಮಾತಿನ ಗೆಳತಿಯ ಅಜ್ಜಿಯ ಓವಿ ಹಾಡನ್ನು ಕನ್ನಡ ಲಿಪಿಯಲ್ಲಿ ಹಾಕಿ ಅರ್ಥ ಕೊಡಲು ಯಾವ ಅಡ್ಡಿಯೂ ಇಲ್ಲ. ಭಾಷೆಯ ಹೆಸರಿನಲ್ಲಿ ಬೀದಿಯಲ್ಲಿ ಜಗಳವಾಗುವ ಊರಿನಲ್ಲಿ, ಸೀರೆ ಮತ್ತು ಹಾಡು ಎರಡೂ ಕಡೆಯ ಮನೆಗಳಲ್ಲಿ ಒಂದೇ ಎಂದು ತೋರಿಸುವ ಅವಕಾಶ ಈ ವಿಷಯಕ್ಕಿರುವಷ್ಟು ಬೇರೆ ವಿಷಯಕ್ಕಿಲ್ಲ. ಬರಹದ ಕನ್ನಡವೂ ಇಲ್ಲಿಯದೇ ಇರಲಿ. ಸಂದರ್ಶನದಲ್ಲಿ ಮಗ್ಗದ ಅಕ್ಕ ಆಡಿದ ಮಾತನ್ನು ಪಠ್ಯಪುಸ್ತಕದ ಭಾಷೆಗೆ ತಿದ್ದಿದರೆ ಅವಳೇ ಮಾಯವಾಗುತ್ತಾಳೆ.

ಇಷ್ಟು ನಿಶ್ಚಯವಾದ ಮೇಲೆ ಪುಟವಿನ್ಯಾಸದ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ. ಮೊದಲನೆಯದು ಹೆಸರು. ಪತ್ರಿಕೆಯ ಹೆಸರನ್ನು ಮುಖಪುಟದ ನೆತ್ತಿಯಲ್ಲಿ ದೊಡ್ಡದಾಗಿ ಬರೆಯುವುದರಿಂದ ಒತ್ತಕ್ಷರವಿಲ್ಲದ, ಎರಡು ಮೂರು ಅಕ್ಷರದ ಹೆಸರು ಅನುಕೂಲ. ಒತ್ತಕ್ಷರ ಕೆಳಗಿಳಿದು ಚಿತ್ರದಲ್ಲಿನ ತಲೆಗೆ ತಾಗುತ್ತದೆ. ಎರಡನೆಯದು ಮುಖಪುಟದ ಚಿತ್ರ. ಕ್ಯಾಮೆರಾವನ್ನು ನೋಡಿ ನಗುವ ಮುಖದ ಬದಲು ಕೆಲಸದಲ್ಲಿ ತೊಡಗಿದ ಹುಡುಗಿ: ತಬಲಾ ಶ್ರುತಿ ಮಾಡುವವಳು, ಮೈಕಿನ ಎದುರು ಕಣ್ಣು ಮುಚ್ಚಿದವಳು, ಸೂಜಿಗೆ ದಾರ ಪೋಣಿಸುವವಳು. ಮುಖಪುಟದ ಮೇಲಿನ ಸಾಲುಗಳು ಮೂರಕ್ಕಿಂತ ಹೆಚ್ಚಾದರೆ ಯಾವುದೂ ಓದಿಸುವುದಿಲ್ಲ. ಪರಿವಿಡಿಯಲ್ಲಿ ಲೇಖನದ ಹೆಸರಿನಷ್ಟೇ ದೊಡ್ಡದಾಗಿ ಬರೆದವಳ, ಚಿತ್ರ ತೆಗೆದವಳ ಹೆಸರು ಬರಬೇಕು.

ಕನ್ನಡ ಲಿಪಿಗೆ ತನ್ನದೇ ಬೇಡಿಕೆಗಳಿವೆ. ಇಂಗ್ಲಿಷಿಗಾಗಿ ಮಾಡಿದ ಮಾದರಿ ಪುಟವನ್ನು ತಂದು ಕನ್ನಡ ಸುರಿದರೆ ಪುಟ ಉಸಿರುಗಟ್ಟುತ್ತದೆ. ಕನ್ನಡದ ಸಾಲಿನ ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತಕ್ಷರ. ಆದ್ದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. 11 ಪಾಯಿಂಟಿನ ಅಕ್ಷರಕ್ಕೆ 16ರಿಂದ 17 ಪಾಯಿಂಟಿನ ಸಾಲಿನ ಅಂತರ ಇದ್ದರೆ ಕಣ್ಣಿಗೆ ಹಿತ. ಕನ್ನಡದ ಪದಗಳು ಪ್ರತ್ಯಯ ಕೂಡಿ ಉದ್ದವಾಗುತ್ತವೆ. ಎ4 ಅಳತೆಯ ಪುಟವನ್ನು ನಾಲ್ಕು ಅಂಕಣ ಮಾಡಿ ಎರಡೂ ಅಂಚು ಸಮ ಮಾಡಹೊರಟರೆ ಪದಗಳ ನಡುವೆ ಬಿಳಿಯ ಓಣಿಗಳು ಬೀಳುತ್ತವೆ. ಎರಡೇ ಅಂಕಣ, ಎಡ ಅಂಚು ಮಾತ್ರ ನೇರ ಎಂಬ ಕ್ರಮ ಮೇಲು. ಇಂಗ್ಲಿಷಿನಂತೆ ದೊಡ್ಡಕ್ಷರ–ಚಿಕ್ಕಕ್ಷರಗಳ ಭೇದ ಕನ್ನಡಕ್ಕಿಲ್ಲ, ಓರೆಯಕ್ಷರದ ಸಂಪ್ರದಾಯವೂ ಇಲ್ಲ. ಗಣಕದಲ್ಲಿ ಬಲವಂತವಾಗಿ ಓರೆ ಮಾಡಿದ ಕನ್ನಡ ಬಿದ್ದುಹೋಗುತ್ತಿರುವಂತೆ ಕಾಣುತ್ತದೆ. ಮುಖ್ಯ–ಅಮುಖ್ಯಗಳನ್ನು ಗಾತ್ರ, ದಪ್ಪ, ಬಣ್ಣಗಳಿಂದಲೇ ತೋರಿಸಬೇಕು. ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಅನೆಕ್ ಕನ್ನಡದಂಥ ಅಕ್ಷರವಿನ್ಯಾಸಗಳು ಉಚಿತವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಮೈಬರಹಕ್ಕೆ ಒಂದು, ಶೀರ್ಷಿಕೆಗೆ ಒಂದು, ಎರಡೇ ಸಾಕು.

ಬರಹವನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಇಡುವುದು ಬಹಳ ಮುಖ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬೆರಳಚ್ಚು ಮಾಡಿದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಹುಡುಕಲು ಬರುವುದಿಲ್ಲ, ಮೊಬೈಲಿಗೆ ಹೋಗುವುದಿಲ್ಲ. ಇನ್‌ಡಿಸೈನ್ ಬಳಸುವವರು ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಹಣ ಕೊಡಲಾಗದವರಿಗೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವಿದೆ. ಅದರ ಈಚಿನ ಆವೃತ್ತಿಗಳು ಕನ್ನಡವನ್ನು ಸರಿಯಾಗಿ ಕೂರಿಸುತ್ತವೆ.

ಬಣ್ಣಗಳನ್ನು ಆರಿಸುವಾಗ ಹುಡುಗಿಯರ ಪತ್ರಿಕೆಗೆ ಗುಲಾಬಿ ಎಂಬ ಎರವಲು ಅಭ್ಯಾಸವನ್ನು ಬಿಡುವುದು ಲೇಸು. ದಾಳಿಂಬೆ ಕೆಂಪು, ಗಿಣಿ ಹಸಿರು, ನವಿಲುಗತ್ತಿನ ನೀಲಿ, ಚಂದ್ರಕಾಳಿಯ ಕಪ್ಪು — ಇವು ಓದುಗಿಯರ ತಾಯಂದಿರ ಸೀರೆ ಪೆಟ್ಟಿಗೆಯಲ್ಲಿ ಹೆಸರಿನೊಡನೆ ಇರುವ ಬಣ್ಣಗಳು. ಸಂಚಿಕೆಗೆ ಇವುಗಳಲ್ಲಿ ಎರಡನ್ನು ಆರಿಸಿಕೊಂಡರೆ ಖರ್ಚೂ ಇಳಿಯುತ್ತದೆ, ಗುರುತೂ ಉಳಿಯುತ್ತದೆ. ಪರದೆಯ ಮೇಲೆ ಹೊಳೆಯುವ ಕೆಂಪು ಕಾಗದದ ಮೇಲೆ ಮಂಕಾಗುವುದರಿಂದ ಮುದ್ರಣಾಲಯದಿಂದ ಒಂದು ಮಾದರಿ ಹಾಳೆ ತೆಗೆಸಿ, ಬಟ್ಟೆಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಛಾಯಾಚಿತ್ರಗಳ ವಿಷಯದಲ್ಲಿ ಪತ್ರಿಕೆ ಒಂದು ನಿಯಮವನ್ನು ಮೊದಲ ಪುಟದಲ್ಲೇ ಅಚ್ಚುಹಾಕಬೇಕು: ಯಾರ ಮೈಬಣ್ಣವನ್ನೂ ತಿಳಿಮಾಡುವುದಿಲ್ಲ, ಯಾರ ಮೈಯನ್ನೂ ಗಣಕದಲ್ಲಿ ಸಣ್ಣ ಮಾಡುವುದಿಲ್ಲ. 2012ರಲ್ಲಿ ಅಮೆರಿಕದ 14 ವರ್ಷದ ಒಬ್ಬ ಹುಡುಗಿ ‘ಸೆವೆಂಟೀನ್’ ಪತ್ರಿಕೆಗೆ ಇದನ್ನೇ ಕೇಳಿ ಸಹಿ ಸಂಗ್ರಹಿಸಿದಳು. ಹುಡುಗಿಯರ ಮುಖದ, ಮೈಯ ಆಕಾರವನ್ನು ಬದಲಿಸುವುದಿಲ್ಲವೆಂದು ಪತ್ರಿಕೆ ಮಾತು ಕೊಟ್ಟಿತು. ಈಗ ಮೊಬೈಲ್ ಕ್ಯಾಮೆರಾಗಳೇ ಹೇಳದೆ ಕೇಳದೆ ಮುಖವನ್ನು ನುಣುಪು ಮಾಡುವುದರಿಂದ ಆ ಸೌಲಭ್ಯವನ್ನು ನಿಲ್ಲಿಸಿದ ಮೇಲೇ ಚಿತ್ರ ತೆಗೆಯಬೇಕು. ಚಿತ್ರದಲ್ಲಿರುವವರ ಒಪ್ಪಿಗೆ ಬರಹದಲ್ಲಿ ಇರಲಿ, 18 ತುಂಬದವರಾದರೆ ತಂದೆ ತಾಯಿಯರದೂ ಇರಲಿ. ಊರಿನಲ್ಲಿ ಒಂದು ಚಿತ್ರ ಕೈ ತಪ್ಪಿ ಎಲ್ಲೆಲ್ಲಿಗೋ ಹೋದರೆ ತೊಂದರೆ ಅನುಭವಿಸುವವಳು ಹುಡುಗಿಯೇ. ಆದ್ದರಿಂದ ಅಚ್ಚಾಗುವ ಮೊದಲು ಆ ಪುಟವನ್ನು ಅವಳಿಗೆ ತೋರಿಸುವುದು, ಅವಳು ಬೇಡವೆಂದರೆ ತೆಗೆದುಹಾಕುವುದು ಸಂಪಾದಕಿಯರ ಮೊದಲ ಕರ್ತವ್ಯ.

ಹಾಡುಗಳ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯವಿದೆ. 1957ರ ಕಾಯಿದೆಯ ಪ್ರಕಾರ ಕವಿ ತೀರಿಹೋದ ಬಳಿಕವೂ 60 ವರ್ಷ ಅದು ಉಳಿಯುತ್ತದೆ. ಇಡೀ ಸಿನಿಮಾ ಹಾಡನ್ನು ಅಚ್ಚುಹಾಕಲು ಅನುಮತಿ ಬೇಕು, ವಿಮರ್ಶೆಗೆ ಬೇಕಾದಷ್ಟನ್ನು ಉದ್ಧರಿಸಲು ಅವಕಾಶವಿದೆ. ಪತ್ರಿಕೆ ಕಾಲೇಜಿನ ಆವರಣ ದಾಟಿ ನಿಯತವಾಗಿ ಸಾರ್ವಜನಿಕರಿಗೆ ಮಾರಾಟವಾಗುವುದಾದರೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದ, 1867ರ ಹಳೆಯ ಕಾಯಿದೆಯ ಜಾಗದಲ್ಲಿ ನಿಂತ ಪತ್ರಿಕಾ ನೋಂದಣಿ ಕಾಯಿದೆಯಂತೆ ಹೆಸರು ನೋಂದಾಯಿಸಿಕೊಳ್ಳಬೇಕು.

ಖರ್ಚಿನ ವಿಷಯಕ್ಕೆ ಬಂದರೆ, ನಡುವೆ ಪಿನ್ನು ಹೊಡೆಯುವ ಪತ್ರಿಕೆಯ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. 32 ಪುಟ ಮೊದಲ ಸಂಚಿಕೆಗೆ ಸಾಕು. ಕೆಲವೇ ನೂರು ಪ್ರತಿಗಳಾದರೆ ಡಿಜಿಟಲ್ ಮುದ್ರಣ, ಅದಕ್ಕಿಂತ ಹೆಚ್ಚಾದರೆ ಆಫ್‌ಸೆಟ್ ಅಗ್ಗ. ಒಳಪುಟಗಳಿಗೆ ಹೊಳೆಯುವ ಆರ್ಟ್ ಪೇಪರ್ ಬೇಕಿಲ್ಲ. ಮ್ಯಾಪ್ಲಿಥೋ ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯಲು ಬರುತ್ತದೆ, ಕಸೂತಿ ನಕ್ಷೆಯಲ್ಲಿ ಎಣಿಕೆ ಗುರುತು ಹಾಕಲು ಅದೇ ಅನುಕೂಲ. ಜಾಹೀರಾತು ಪೂರ್ತಿ ಬೇಡವೆನ್ನಬೇಕಿಲ್ಲ. ಊರಿನ ಹೊಲಿಗೆ ತರಗತಿ, ಹಾರ್ಮೋನಿಯಂ ರಿಪೇರಿಯವರು, ನೂಲಿನ ಅಂಗಡಿ, ಪುಸ್ತಕದಂಗಡಿ ಇವರ ಚಿಕ್ಕ ಜಾಹೀರಾತುಗಳು ಓದುಗಿಗೆ ಉಪಯೋಗದ ಮಾಹಿತಿಯೂ ಹೌದು. ಲೇಖನದಂತೆ ವೇಷ ಹಾಕಿದ ಜಾಹೀರಾತು, ಬಿಳಿ ಮಾಡುವ ಕ್ರೀಮು, ತೂಕ ಇಳಿಸುವ ಪುಡಿ ಇವು ಬೇಡ.

ವಿದ್ಯಾರ್ಥಿ ಪತ್ರಿಕೆಗಳು ಹೆಚ್ಚಾಗಿ ನಿಲ್ಲುವುದು ಹಣವಿಲ್ಲದೆ ಅಲ್ಲ, ಮಾಡಿದವರು ಕೋರ್ಸ್ ಮುಗಿಸಿ ಹೊರಟುಹೋಗುವುದರಿಂದ. ಪ್ರತಿ ಸಂಚಿಕೆಗೂ ಕೊನೆಯ ವರ್ಷದವಳ ಜೊತೆ ಮೊದಲ ವರ್ಷದವಳೊಬ್ಬಳು ಸಂಪಾದಕಿಯಾಗಿ ಕೂರಬೇಕು. ಪುಟಗಳ ಮೂಲ ಕಡತ, ಬಳಸಿದ ಫಾಂಟ್‌ಗಳು, ಒಪ್ಪಿಗೆ ಪತ್ರಗಳು, ಅಜ್ಜಿಯರ ಹಾಡಿನ ಧ್ವನಿಮುದ್ರಣಗಳು, ಮುದ್ರಣಾಲಯದ ಬಿಲ್ಲು ಇಷ್ಟನ್ನೂ ಒಂದೆಡೆ ಹೆಸರು ದಿನಾಂಕ ಹಾಕಿ ಇಟ್ಟು ಮುಂದಿನವಳ ಕೈಗೆ ಕೊಡಬೇಕು. ಕಾಲೇಜಿನ ಗ್ರಂಥಾಲಯಕ್ಕೆ ಎರಡು ಪ್ರತಿ, ಹಾಡು ಕೊಟ್ಟ ಅಜ್ಜಿಗೆ, ಲೆಕ್ಕ ಹೇಳಿದ ನೇಕಾರರ ಮನೆಗೆ ಒಂದೊಂದು ಪ್ರತಿ ತಲುಪಿದ ಮೇಲೆ ಉಳಿದವನ್ನು ಮಾರಾಟಕ್ಕೆ ಇಡಬಹುದು.